ಅವ್ವನಿಗೆ ಕೊಟ್ಟ ಒಂಬತ್ತು ವರ್ಷ

ತಪ್ಪೆಲ್ಲ ನನ್ನ ಲ್ಯಾಪ್‌ಟಾಪಿನ ಚಾರ್ಜರಿನದು. ಅದು ಆ ಮಂಗಳವಾರ ಪುಣೆಯ ಧನಕವಡಿಯ ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೆ ಉಳಿಯದೇ ಇದ್ದಿದ್ದರೆ ನಮ್ಮವ್ವ ಖರಾಡಿಯ ನನ್ನ ಆಫೀಸಿನ ಗೇಟಿಗೆ ಬರುವ ಪ್ರಸಂಗವೇ ಇರಲಿಲ್ಲ. ಅವಳು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಹೆಲ್ಮೆಟ್ ಹಾಕಿ, ಹಡಪಸರದ ಗದ್ದಲದಲ್ಲಿ ಬಸ್ಸು ಲಾರಿಗಳ ನಡುವೆ ಸ್ಕೂಟಿ ತೂರಿಸಿಕೊಂಡು ಬಂದಳು. ಗೇಟಿನ ಸೆಕ್ಯೂರಿಟಿಯವನು ಮೇಲಕ್ಕೆ ಫೋನು ಮಾಡಿ, "ಮ್ಯಾಡಮ್, ನಿಮ್ಮ ತಂಗಿ ಬಂದಿದ್ದಾರೆ" ಎಂದ.

ತಂಗಿಯಂತೆ. ಅಕ್ಕ ಎಂದಿದ್ದರೂ ಸಹಿಸಿಕೊಳ್ಳುತ್ತಿದ್ದೆ.

ನನ್ನ ಪಕ್ಕದ ಕುರ್ಚಿಯ ಗೆಳತಿ ಸಾಯಲಿ ಚಹಾದ ನೆಪ ಮಾಡಿ ನನ್ನ ಜೊತೆ ಕೆಳಗಿಳಿದಿದ್ದಳು. ಅವ್ವ ಹೆಲ್ಮೆಟ್ ತೆಗೆದು, ಚಾರ್ಜರ್ ನನ್ನ ಕೈಗಿಟ್ಟು, "ನಾನು ಆರತಿಯ ಆಯಿ" ಎಂದು, ತಾಯಿ ಎಂಬುದನ್ನು ಮರಾಠಿಯಲ್ಲಿ ಹೇಳಿ ನಕ್ಕಳು. ಸಾಯಲಿ ಬಾಯಿ ತೆರೆದವಳು ಮುಚ್ಚಲಿಲ್ಲ. ಊಟದ ಹೊತ್ತಿಗೆ ಹನ್ನೊಂದು ಜನಕ್ಕೆ ಸುದ್ದಿ ಮುಟ್ಟಿತ್ತು. ಆಫೀಸಿನ ಮಾತೆಲ್ಲ ಮರಾಠಿಯೇ. ನಿಮಗಾಗಿ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಎಲ್ಲರದೂ ಒಂದೇ ಪಲ್ಲವಿ: "ನಿನ್ನ ಆಯಿ ಎಷ್ಟು ಚಿಕ್ಕವರಾಗಿ ಕಾಣುತ್ತಾರೆ." ಇಷ್ಟು ಹೇಳಿ ಸುಮ್ಮನಾಗಿದ್ದರೆ ನನ್ನ ತಕರಾರಿರಲಿಲ್ಲ. ಹೇಳಿದ ಮೇಲೆ ಪ್ರತಿಯೊಬ್ಬರೂ ಒಮ್ಮೆ ನನ್ನ ತಲೆಯ ಕಡೆ ನೋಡುತ್ತಿದ್ದರು.

ನನ್ನ ತಲೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ನನಗೆ ಮೂವತ್ತೊಂದು. ಇಪ್ಪತ್ತಾರಕ್ಕೇ ಕೂದಲು ಬೆಳ್ಳಗಾಗತೊಡಗಿತು. ಇದು ನಮ್ಮಪ್ಪ ಮಹಾಲಿಂಗನ ಕೊಡುಗೆ. ಟೈಲ್ಸ್ ಕೂಡಿಸುವ ಅಪ್ಪನ ತಲೆ ಮೊದಲು ಸಿಮೆಂಟಿನಿಂದ ಬೆಳ್ಳಗಿತ್ತು, ಆಮೇಲೆ ತಾನಾಗಿಯೇ ಬೆಳ್ಳಗಾಯಿತು, ನಡುವೆ ಯಾವಾಗ ಬದಲಾಯಿತೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವ್ವನ ತಲೆಯಲ್ಲಿ ಮಾತ್ರ ಹುಡುಕಿದರೂ ಒಂದು ಬಿಳಿ ಎಳೆ ಸಿಗುವುದಿಲ್ಲ.

ನಮ್ಮ ಟೀಮ್ ಲೀಡ್ ಅವಧೂತ ತಾನು ಮಾಡಿದ ಜೋಕಿಗೆ ತಾನೇ ಮೊದಲು ನಗುವ ಮನುಷ್ಯ. ಮರುದಿನದಿಂದ ಬೆಳಗಿನ ಮೀಟಿಂಗು ಶುರುವಾಗುವುದೇ "ಆರತಿ, ಮಗಳು ಹೇಗಿದ್ದಾಳೆ?" ಎಂಬ ಪ್ರಶ್ನೆಯಿಂದ. ಮಗಳು ಎಂದರೆ ನಮ್ಮವ್ವ. ಮೊದಲ ದಿನ ನಕ್ಕೆ. ಎರಡನೆಯ ದಿನ ಕೇಳಿಸದವಳ ಹಾಗೆ ಕೂತೆ. ಮೂರನೆಯ ದಿನ "ಚೆನ್ನಾಗಿದ್ದಾಳೆ, ಅಜ್ಜ ಹೇಗಿದ್ದಾರೆ ಅಂತ ನಿಮ್ಮನ್ನು ಕೇಳಿದಳು" ಎಂದೆ. ಅದಕ್ಕೂ ಅವನೇ ಮೊದಲು ನಕ್ಕ. ಇಂಥವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಆ ವಾರದ ಕೊನೆಗೆ ಸಾಯಲಿ ಕೇಳಿದಳು: "ಕಾಕುಗೆ ವಯಸ್ಸೆಷ್ಟು?"

ಕಾಕು ಎಂದರೆ ಚಿಕ್ಕಮ್ಮ, ಇಲ್ಲಿ ನಮ್ಮವ್ವ. ನಿಜವಾದ ಉತ್ತರ ನಲವತ್ತಾರು. ಆದರೆ ನನಗೆ ಮೂವತ್ತೊಂದೆಂಬುದು ಸಾಯಲಿಗೆ ಗೊತ್ತು. ನಮ್ಮದು ವಿಮೆಯ ಕ್ಲೇಮು ತಪಾಸಣೆ ಮಾಡುವ ಆಫೀಸು, ಜನ್ಮ ದಿನಾಂಕ ನೋಡಿ ಕೂಡಿ ಕಳೆಯುವುದೇ ಇವಳ ಹೊಟ್ಟೆಪಾಡು. ನಲವತ್ತಾರು ಎಂದು ನಾನು ಬಾಯಿ ಮುಚ್ಚುವುದರೊಳಗೆ ಅವಳಿಗೆ ಹದಿನೈದು ಎಂಬ ಉತ್ತರ ಸಿಕ್ಕಿರುತ್ತಿತ್ತು. "ಐವತ್ತೈದು" ಎಂದೆ.

ಇದು ನಾಚಿಕೆಯ ಸುಳ್ಳಲ್ಲ. ಹದಿನೆಂಟರ ವಯಸ್ಸಿನಲ್ಲಿ, ಇಲ್ಲೇ ಧನಕವಡಿಯ ಕಾಲೇಜಿನಲ್ಲಿ, ನಾನು ನಿಜ ಹೇಳಿದ್ದೆ. ಪಾಲಕರ ಸಭೆಗೆ ಅವ್ವ ಹೊಸ ಸೀರೆ ಉಟ್ಟು ಬಂದಿದ್ದಳು. ಗೆಳತಿಯರು ಬೆರಳು ಮಡಚಿ ಎಣಿಸಿದರು, ಮೇಡಮ್ಮಿಗೂ ಹೇಳಿದರು. ಆ ಮೇಡಮ್ಮು ಅವ್ವನ ಭುಜ ಸವರಿ "ಬಿಚಾರಿ, ಪಾಪ" ಎಂದರು. ಅವರ ನೋಟ ನನಗೆ ಈಗಲೂ ನೆನಪಿದೆ. ಅಷ್ಟು ಹೊತ್ತು ನನ್ನ ಗಣಿತದ ಅಂಕಗಳನ್ನು ಹೆಮ್ಮೆಯಿಂದ ಕೇಳುತ್ತಿದ್ದ ಅವ್ವ ತಟ್ಟನೆ ಮಾತು ನಿಲ್ಲಿಸಿದಳು. ಮುಂದೆ ಮೂರು ವರ್ಷ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಆ ನೋಟ ಅವಳ ಮೇಲೆ ಇನ್ನೊಮ್ಮೆ ಬೀಳಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು.

ಆದರೆ ಐವತ್ತೈದು ಎಂದ ಮೇಲೆ ಆಫೀಸಿಗೆ ಹುಚ್ಚೇ ಹಿಡಿಯಿತು. ಕಾಕು ಏನು ತಿನ್ನುತ್ತಾರೆ, ಏನು ಹಚ್ಚುತ್ತಾರೆ, ಎಷ್ಟಕ್ಕೆ ಏಳುತ್ತಾರೆ. ಪೀಡೆ ತೊಲಗಲಿ ಎಂದು "ಜೋಳದ ಹಿಟ್ಟು, ಮೊಸರು, ಮುಖಕ್ಕೆ" ಎಂದುಬಿಟ್ಟೆ. ಮರುವಾರ ಸಾಯಲಿಯ ಕೆನ್ನೆ ಕೆಂಪಗೆ ಕೆರೆದುಹೋಗಿತ್ತು. ಅವಧೂತನ ಕಿವಿಯ ಹಿಂದೆ ಒಣಗಿದ ಹಿಟ್ಟು ಕಂಡಿತು. ನಾನು ಅವನಿಗೆ ಹೇಳಲಿಲ್ಲ.

ಮಾರ್ಚಿನಲ್ಲಿ ಮಹಿಳಾ ದಿನ ಬಂತು. ಎಚ್‌ಆರ್‌ನ ಪ್ರಣವ ಪ್ರತಿವರ್ಷ ಯಾರನ್ನೋ ಕರೆಸಿ ಭಾಷಣ ಮಾಡಿಸುತ್ತಾನೆ. ಈ ಸಲ ನಮ್ಮವ್ವನನ್ನೇ ಕರೆಸುವುದೆಂದು ತೀರ್ಮಾನವಾಯಿತು. ಅವ್ವನಿಗೆ ಬಿಡುವಿಲ್ಲ ಎಂದೆ, ಊರಿಗೆ ಹೋಗುತ್ತಾಳೆ ಎಂದೆ, ಮರಾಠಿ ಅಷ್ಟು ಬರುವುದಿಲ್ಲ ಎಂದೂ ಹೇಳಿದೆ. ಸಾಯಲಿ ಫೋನು ತೆಗೆದು ತೋರಿಸಿದಳು. ಅವ್ವ ಧನಕವಡಿಯ ಎರಡು ಮೆಸ್ಸುಗಳಿಗೆ ದಿನಾ ನೂರೈವತ್ತು ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಒಂದು ಮೆಸ್ಸಿನ ಬೋರ್ಡಿನ ಮೇಲೆ ಅವಳ ನಂಬರೂ ಇದೆ. ಸಾಯಲಿ ಆ ನಂಬರು ಹಿಡಿದು ನೇರವಾಗಿ ಮಾತಾಡಿದ್ದಳು. ಅವ್ವ ಒಪ್ಪಿಯೂ ಆಗಿತ್ತು.

ಆ ಸಂಜೆ ಅವ್ವ ಹಿಟ್ಟು ನಾದುತ್ತಿದ್ದಾಗ ಎಲ್ಲ ಒಪ್ಪಿಕೊಂಡೆ.

"ಐವತ್ತೈದಾ?" ಅವ್ವ ಕೈ ನಿಲ್ಲಿಸಿದಳು. "ನಮ್ಮ ಓಣಿ ರಂಗೂಬಾಯಿಗಿ ಐವತ್ತೈದು. ಆಕಿಗಿ ಮೊಣಕಾಲ್ ಬ್ಯಾನಿ, ಮುಂದಿನ ಎರಡು ಹಲ್ಲಿಲ್ಲ. ನನ್ನ ಒಯ್ದು ಆಕಿ ಸಾಲಿನಾಗ ಕೂಡಿಸಿ ಬಂದಿ ಏನು?"

"ಹಂಗಲ್ಲ ಯವ್ವಾ."

"ಒಂದೋ ಎರಡೋ ಹೆಚ್ಚ ಹೇಳಿದ್ರ ನಡೀತಿತ್ತು. ಒಂಬತ್ತು ವರ್ಷ ಅಂದ್ರ ಏನು ಸಣ್ಣ ಮಾತಾ?"

ಅವಳು ರೊಟ್ಟಿ ಬಡಿಯುವ ಸಪ್ಪಳ ಆ ಹೊತ್ತು ಕೆಳಗಿನ ಮಾಳಿಗೆಯವರಿಗೂ ಕೇಳಿಸಿರಬೇಕು. ಜೋಳದ ಹಿಟ್ಟನ್ನು ಮುಖಕ್ಕೆ ಬಳಿಸಿದ್ದು ತಿಳಿದಾಗ ಅವಳಿಗೆ ಇನ್ನೂ ಸಿಟ್ಟು ಬಂತು. ತಿನ್ನುವ ಹಿಟ್ಟು ಹಾಳು ಮಾಡಿದವರಿಗೆ ಮುಖ ಕೆರೆದದ್ದೇ ಸರಿ ಎಂದಳು. ಆಮೇಲೆ ಯಾಕೆ ಹೇಳಿದಿ ಎಂದು ಕೇಳಿದಳು. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

"ಕಾಲೇಜಿನ ಆ ಮೇಡಮ್ ಬಾಯಿ ಸಲುವಾಗಿ ಹೌದಿಲ್ಲೋ?"

"ಹ್ಞೂಂ."

"ಆತು ಬಿಡು. ಐವತ್ತೈದಂದ್ರ ಐವತ್ತೈದು. ನನಗ ಎಲ್ಲಾ ಸರಿಯಾಗಿ ಹೇಳಿಕೊಡು. ಲೆಕ್ಕದಾಗ ನಾ ತಪ್ಪಂಗಿಲ್ಲ."

ಹೇಳಿಕೊಟ್ಟೆ. ಮದುವೆ ಇಪ್ಪತ್ಮೂರಕ್ಕೆ, ನಾನು ಹುಟ್ಟಿದ್ದು ಇಪ್ಪತ್ನಾಲ್ಕಕ್ಕೆ. ಅವಳು ಎರಡು ಸಲ ಒಪ್ಪಿಸಿದಳು. ಆಮೇಲೆ ಕೇಳಿದಳು, "ಹಂಗಾದ್ರ ಅಲ್ಲೀತನಕ ನಾ ಏನ್ ಮಾಡ್ಲಿಕತ್ತಿದ್ದೆ?"

"ಅದನ್ನ ಯಾರೂ ಕೇಳಂಗಿಲ್ಲ ಯವ್ವಾ."

ಕೇಳಿದ್ದು ಪ್ರಣವ. ಅವ್ವನಿಗೆ ಹೂಗುಚ್ಛ ಕೊಟ್ಟು, ಕುರ್ಚಿಯಲ್ಲಿ ಕೂಡಿಸಿ, ಮೈಕು ಕೈಗಿಟ್ಟು, ಯಮನವ್ವ ಎಂಬ ಹೆಸರು ಬಾಯಿಗೆ ಬಾರದೆ "ಯಮುನಾ ಕಾಕು" ಎಂದು ಪರಿಚಯಿಸಿದ್ದ. ಎದುರಿಗೆ ಅರವತ್ತು ಜನ. ನಾನು ಕೊನೆಯ ಸಾಲಿನಲ್ಲಿ ಗೋಡೆಗೆ ಆತುಕೊಂಡು ನಿಂತಿದ್ದೆ. ರೊಟ್ಟಿಯ ಮಾತಾಯಿತು, ನಸುಕಿನಲ್ಲಿ ಏಳುವ ಮಾತಾಯಿತು, ನಲವತ್ತಕ್ಕೆ ಸ್ಕೂಟಿ ಕಲಿತದ್ದಾಯಿತು. ಇನ್ನೇನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಪ್ರಣವ, "ಕಾಕು, ಆ ಕಾಲಕ್ಕೆ ಹಳ್ಳಿಯಲ್ಲಿ ಇಪ್ಪತ್ಮೂರಕ್ಕೆ ಮದುವೆ ಎಂದರೆ ತಡವೇ ಅಲ್ಲವೇ? ಅಲ್ಲಿಯವರೆಗೆ ಏನು ಮಾಡುತ್ತಿದ್ದಿರಿ?" ಎಂದ.

ಅವ್ವ ಮೈಕನ್ನು ಬಲಗೈಯಿಂದ ಎಡಗೈಗೆ ಬದಲಿಸಿದಳು. ಅವಳ ಮರಾಠಿಯದೂ ನಮ್ಮೂರ ಧಾಟಿಯೇ, ಆದ್ದರಿಂದ ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ನಮ್ಮದು ಶಹಾಪುರದ ಕಡಿ ಹಳ್ಳಿರಿ. ಏಳನೇತ್ತೆ ಪಾಸಾದೆ, ಲೆಕ್ಕದಾಗ ಸಾಲಿಗೇ ಮೊದಲು. ಶಿವರುದ್ರಪ್ಪ ಮಾಸ್ತರ ಮನಿಗಿ ಬಂದು, ಹುಡುಗಿನ್ನ ಮುಂದ ಓದಸ್ರಿ ಅಂತ ನಮ್ಮಪ್ಪಗ ಹೇಳಿದ್ರು."

ಇಲ್ಲಿಯವರೆಗೆ ನಿಜ. ಮಾಸ್ತರರು ಎರಡು ಸಲ ಬಂದಿದ್ದರು. ನಮ್ಮಜ್ಜ ಎರಡು ಸಲವೂ ಚಹಾ ಕುಡಿಸಿ ಕಳಿಸಿದ್ದ. ಮುಂದೆ ಮದುವೆ, ಪುಣೆ, ಕಟ್ಟಡದ ಕೆಲಸ, ತಲೆಯ ಮೇಲೆ ಬುಟ್ಟಿ, ಹೊಟ್ಟೆಯಲ್ಲಿ ನಾನು.

"ನಮ್ಮಪ್ಪ ಹೂಂ ಅಂದ್ರು" ಎಂದಳು ಅವ್ವ.

ಆಮೇಲೆ ಅವಳು ನಿಲ್ಲಲಿಲ್ಲ. ಶಹಾಪುರದ ಹಾಸ್ಟೆಲಿಗೆ ಹೋದಳು. ಅಲ್ಲಿ ಅನ್ನಪೂರ್ಣಮ್ಮ ಎಂಬ ವಾರ್ಡನ್ ಏಳಕ್ಕೇ ಗೇಟು ಹಾಕುತ್ತಿದ್ದಳಂತೆ. ಅವ್ವ ಗೆಳತಿಯರ ಜೊತೆ ಕಾಂಪೌಂಡು ಜಿಗಿದು ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದಳಂತೆ. ಶಿಕ್ಷೆಗೆ ಇಡೀ ಹಾಸ್ಟೆಲಿನ ಉಳ್ಳಾಗಡ್ಡಿ ಹೆಚ್ಚಿದಳಂತೆ. ಸೈಕಲ್ ಕಲಿತಳು, ಬಿದ್ದು ಮೊಣಕೈ ಒಡೆದುಕೊಂಡಳು. ಸೆರಗು ಸರಿಸಿ ಗಾಯದ ಗುರುತನ್ನೂ ತೋರಿಸಿದಳು. ಆ ಗುರುತು ಕಟ್ಟಡದ ಸಾರವೆಯಿಂದ ಬಿದ್ದದ್ದು, ಆಗ ನನಗೆ ಎರಡು ವರ್ಷ. ಮ್ಯಾಟ್ರಿಕ್ ಮುಗಿಸಿ ಟೀಚರ್ ಟ್ರೇನಿಂಗ್ ಮಾಡಿ ಹೆಣ್ಣುಮಕ್ಕಳ ಕನ್ನೆಸಾಲೆಯಲ್ಲಿ ಮೂರು ವರ್ಷ ಲೆಕ್ಕ ಕಲಿಸಿದಳು. ಮಗ್ಗಿ ಬಾರದವರಿಗೆ ಹೊಡೆಯುತ್ತಿರಲಿಲ್ಲ, ಗಿಡಕ್ಕೆ ನೀರು ಹಾಕಿಸುತ್ತಿದ್ದಳು. ಅದಕ್ಕೇ ಆ ಸಾಲೆಯ ಗಿಡಗಳು ಅಷ್ಟು ಎತ್ತರವಂತೆ. ಸಾಲೆಯ ಟೀಚರ್ ಬಾಯಂದಿರ ಜೊತೆ ಗೋವಾಕ್ಕೆ ಹೋಗಿ ಸಮುದ್ರ ನೋಡಿದಳು. ಉಪ್ಪು ನೀರು ಕಾಲಿಗೆ ಸೋಕಿದ ಕೂಡಲೇ ಚಪ್ಪಲಿ ಒಂದು ಹೋಯಿತು.

"ಎರಡು ವರಾ ಬ್ಯಾಡಂದೆ ನೋಡ್ರಿ. ಒಬ್ಬಂವ ಲೆಕ್ಕದಾಗ ನಾಪಾಸ್ ಆಗಿದ್ದ. ಇನ್ನೊಬ್ಬಂವ ಕೂತ ಕೂಡ್ಲೆ, ಹುಡುಗಿಗಿ ರೊಟ್ಟಿ ಬಡೀಲಿಕ್ಕ ಬರ್ತದ ಏನಂತ ಕೇಳ್ದ. ನಿನಗ ಬರ್ತದೇನಪಾ ಅಂತ ನಾ ಕೇಳ್ದೆ. ಎದ್ದು ಹೋದ."

ಅರವತ್ತು ಜನ ಚಪ್ಪಾಳೆ ಹೊಡೆದು ನಕ್ಕರು. ಅವಧೂತ ಮೊದಲ ಬಾರಿಗೆ ಬೇರೆಯವರ ಜೋಕಿಗೆ ಕಣ್ಣೊರೆಸಿಕೊಂಡ. ನಾನೂ ನಕ್ಕೆ. ನಗುತ್ತ ನಗುತ್ತಲೇ ಗೊತ್ತಾಯಿತು: ಇದನ್ನು ಅವಳು ಈ ವಾರ ಕೂತು ಕಟ್ಟಿದ್ದಲ್ಲ. ವಾರ್ಡನ್ನಿನ ಹೆಸರು, ಉಳ್ಳಾಗಡ್ಡಿ, ಗಿಡ, ಹೋದ ಚಪ್ಪಲಿ, ಇಷ್ಟೆಲ್ಲ ಒಂದು ವಾರದಲ್ಲಿ ಹುಟ್ಟುವುದಿಲ್ಲ. ದಿನಾ ನೂರೈವತ್ತು ರೊಟ್ಟಿ ಬಡಿಯುವಾಗ ಅವಳು ಏನು ಯೋಚಿಸುತ್ತಾಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಕೊನೆಗೆ ಸಾಯಲಿ ಎದ್ದು ನಿಂತು, "ಕಾಕು, ಹೀಗೆ ಚಿಕ್ಕವರಾಗಿ ಇರುವ ಗುಟ್ಟೊಂದು ಹೇಳಿಬಿಡಿ. ಜೋಳದ ಹಿಟ್ಟು ಬೇಡ" ಎಂದಳು.

ಅವ್ವ ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದಳು. "ಗುಟ್ಟೇನಿಲ್ಲ ತಾಯಿ. ನನಗ ಸಣ್ಣಾಕಿದ್ದಾಗ ಯಾರೂ ಅವಸರ ಮಾಡ್ಲಿಲ್ಲ, ಅಷ್ಟೇ."

ಎಲ್ಲರೂ ಎದ್ದು ಅವಳ ಸುತ್ತ ನೆರೆದರು, ಫೋಟೊ ತೆಗೆದುಕೊಂಡರು. ಯಾರ ಮುಖದಲ್ಲೂ ಆ ಕಾಲೇಜಿನ ಮೇಡಮ್ಮಿನ ನೋಟ ಇರಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ಮರಳುವಾಗ ಸ್ಕೂಟಿ ಅವಳೇ ಓಡಿಸಿದಳು, ನಾನು ಹೂಗುಚ್ಛ ಹಿಡಿದು ಹಿಂದೆ ಕೂತೆ. ಹಡಪಸರದ ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಮುಖದ ಮೇಲೆ ಬಿತ್ತು.

"ಹಂಗ ನೋಡಬ್ಯಾಡ."

"ಹ್ಯಾಂಗ?"

"ಕಾಲೇಜಿನ ಆ ಬಾಯಿ ನೋಡಿದಂಗ." ಅವಳು ಕನ್ನಡಿಯನ್ನು ನನ್ನ ಮುಖ ಕಾಣದಂತೆ ತಿರುಗಿಸಿದಳು. "ನೀನು ಒಂಬತ್ತು ವರ್ಷ ಕೊಟ್ಟಿ. ಖಾಲಿ ಇಡ್ಲಿಕ್ಕ ಬರ್ತದೇನು?"

ನಾನು ಅವಳ ಬೆನ್ನಿಗೆ ಹಣೆ ಹಚ್ಚಿ ಕೂತೆ. "ಆ ರೊಟ್ಟಿ ಕೇಳ್ದ ವರ ಯಾರವಾ?"

"ಮತ್ತ್ಯಾರು, ನಿಮ್ಮಪ್ಪ. ಅವತ್ತ ನಾ ಬರ್ತದ ಅಂದಿದ್ದೆ."

ಸಿಗ್ನಲ್ಲು ಹಸಿರಾಯಿತು. ಹಿಂದಿನವರು ಹಾರ್ನು ಹೊಡೆಯತೊಡಗಿದರು. ಅವ್ವ ಕಾಲು ನೆಲಕ್ಕೂರಿಕೊಂಡೇ ಅರ್ಧ ಹಿಂದೆ ತಿರುಗಿದಳು.

"ಆರತಿ, ಮುಂದಿನ ವರ್ಷನೂ ಬರ್ರಿ ಅಂದಾರ ಅವರು. ಅಷ್ಟರಾಗ ನನಗ ಅರವತ್ತಂತ ಹೇಳಿಬಿಡು."

"ಯಾಕವಾ?"

"ಇನ್ನ ನಾಕು ವರ್ಷ ಬೇಕು. ಕಾಲೇಜಿಗಿ ಹೋಗೋದು ಉಳದದ."