ಬಾಣಕ್ಕೆ ಮಾತ್ರ ಕಾಣುವ ಸಾಲು

ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಅವಳಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೈಕಟ್ಟಿ ಕೂತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೆ ಸೂಜಿಗೆ ದಾರ ಪೋಣಿಸುವುದೂ ಆಗುತ್ತಿರಲಿಲ್ಲ. ಆಪರೇಷನ್ ಆಗಬೇಕು, ಅದಕ್ಕೆ ಮೊದಲು ರಕ್ತ ಪರೀಕ್ಷೆ ಆಗಬೇಕು.

“ರಕ್ತ ಕೊಟ್ಟು ಬಂದ್ಯಾ?”

“ಎಲ್ಲಿ ತಗೊಂಡ್ರು? ತಿಂಡಿ ತಿಂದು ಬಂದಿದೀರಾ, ವಾಪಸ್ ಹೋಗಿ ಅಂದ್ಲು ಲ್ಯಾಬಿನ ಕೌಂಟರ್ ಹುಡುಗಿ. ವೆಬ್‌ಸೈಟಲ್ಲಿ ಹಾಕಿದೀವಲ್ಲ, ಓದೋಕೆ ಬರಲ್ವಾ ಅಂತ ಅಷ್ಟು ಜನರ ಮುಂದೆ ಕೇಳಿದ್ಲು. ಮಗಳು ಬರೆದಿರೋದನ್ನ ಓದದೆ ಹೋಗ್ತೀನಾ? ಅಕ್ಷರ ಕುಂಬಳಕಾಯಿ ಗಾತ್ರ ಮಾಡ್ಕೊಂಡು ಓದಿದೀನಿ. ಆ ಮಾತು ಅಲ್ಲಿಲ್ಲ. ಇನ್ನು ಆ ಕಡೆ ತಲೆ ಹಾಕಿಯೂ ಮಲಗಲ್ಲ.”

“ಇದೆಯಮ್ಮಾ, ನಾನೇ ಹಾಕಿದೀನಿ,” ಎಂದು ಅವಳು ಫೋನ್ ತೆಗೆದುಕೊಂಡಳು. ಪರೀಕ್ಷೆಯ ಹೆಸರಿನ ಮೇಲೆ ಬೆರಳಿಟ್ಟಳು. ಪುಟವೇ ಬದಲಾಯಿತು. ಹಿಂದಕ್ಕೆ ಬಂದಳು, ಮತ್ತೆ ಇಟ್ಟಳು. ಮತ್ತೆ ಅದೇ.

ಆ ಲ್ಯಾಬಿನ ವೆಬ್‌ಸೈಟ್ ನೋಡಿಕೊಳ್ಳುವುದೇ ಅವಳ ಕೆಲಸ. ಅಲ್ಲಿನ ಮ್ಯಾನೇಜರಿಗೆ ಎಲ್ಲವೂ ಚೊಕ್ಕಟವಾಗಿರಬೇಕು. ಎಲ್ಲರೂ ಬೆನ್ನ ಹಿಂದೆ ಚೊಕ್ಕಪ್ಪ ಎನ್ನುತ್ತಿದ್ದರು. ಪುಟದಲ್ಲಿ ಪರೀಕ್ಷೆಗಳ ಹೆಸರಷ್ಟೇ ಇರಲಿ ಎಂದು ಚೊಕ್ಕಪ್ಪ ಹಟ ಹಿಡಿದಾಗ, ಅವಳು ಸೂಚನೆಗಳನ್ನೆಲ್ಲ ಲಿಂಕುಗಳ ಹಿಂದೆ ಅಡಗಿಸಿದ್ದಳು. ಮೌಸಿನ ಬಾಣವನ್ನು ಹೆಸರಿನ ಮೇಲೆ ನಿಲ್ಲಿಸಿದರೆ ಪುಟ್ಟ ಚೌಕದಲ್ಲಿ ಸಾಲು ಮೂಡುತ್ತಿತ್ತು. ಆಫೀಸಿನ ಕಂಪ್ಯೂಟರಿನಲ್ಲಿ ನೋಡಿ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಫೋನಿನಲ್ಲಿ ಬಾಣವೆಲ್ಲಿ ಬರಬೇಕು?

“ಬಾಣ ನಿಲ್ಲಿಸಿದ್ರೆ ಮಾತ್ರ ಕಾಣತ್ತಮ್ಮ,” ಎಂದಳು ಸಣ್ಣ ದನಿಯಲ್ಲಿ.

“ಬಾಣವಾ? ನಾನೇನು ಬೇಟೆಗೆ ಹೋಗಿದ್ನಾ?”

ಮರುದಿನ ವಾದ ಮಾಡುವ ತ್ರಾಣ ಅವಳಲ್ಲಿರಲಿಲ್ಲ. ನೇರ ಚೊಕ್ಕಪ್ಪನ ಮೇಜಿಗೆ ಹೋದಳು. “ಸರ್, ತಿನ್ನದೆ ಬರಬೇಕು ಅನ್ನೋ ಸಾಲು ನಿಮ್ಮ ಫೋನಲ್ಲಿ ತೋರಿಸಿ, ನೋಡೋಣ.”

ಚೊಕ್ಕಪ್ಪ ಹೆಬ್ಬೆರಳಿನಿಂದ ಒತ್ತಿದರು, ತೀಡಿದರು, ಕನ್ನಡಕ ತೆಗೆದು ಒರೆಸಿದರು. “ಸರಿ, ಹೊರಗೇ ಬರೀರಿ. ಆದ್ರೆ ಸಣ್ಣಗೆ ಬರೀರಮ್ಮ, ಅಂದ ಕೆಡುತ್ತೆ.”

“ಸಣ್ಣಗೆ ಬರೆದ್ರೆ ಓದೋರಿಗೆಲ್ಲ ಕಣ್ಣಿನ ಆಪರೇಷನ್ನೇ ಸರ್.”

ದಿನವಿಡೀ ಒಂದೊಂದೇ ಸಾಲನ್ನು ಹೊರಗೆಳೆದು ಹೆಸರುಗಳ ಕೆಳಗೆ ಕೂರಿಸಿದಳು. ಮಾತ್ರೆ ನುಂಗದೆ ಬನ್ನಿ, ನೀರು ಕುಡಿದು ಬನ್ನಿ, ಜೊತೆಗೊಬ್ಬರನ್ನು ಕರೆತನ್ನಿ. ಇವನ್ನು ಕಾಣದೆ ಎಷ್ಟು ಜನ ಬೈಸಿಕೊಂಡು ಹೋದರೋ ಎಂದು ಯೋಚಿಸುವ ಧೈರ್ಯ ಬರಲಿಲ್ಲ. ಕತ್ತು ಮರಗಟ್ಟಿತ್ತು.

ಮನೆಗೆ ಬಂದವಳೇ ಫೋನನ್ನು ಅಮ್ಮನ ಕೈಗಿಟ್ಟು ಗೋಡೆಗೊರಗಿ ಕಣ್ಣು ಮುಚ್ಚಿದಳು. ಅಮ್ಮ ಗಟ್ಟಿಯಾಗಿ ಓದಿದಳು: “‘ರಾತ್ರಿ ಊಟವಾದ ಮೇಲೆ ಏನೂ ತಿನ್ನಬೇಡಿ. ನೀರು ಕುಡಿಯಬಹುದು.’ ಇಷ್ಟೇನಾ? ಬಚ್ಚಿಡೋಕೆ ಇದೇನು ಚಿನ್ನವಾ?”

“ನಾಳೆ ಹೋಗ್ತೀಯಾ ಅಮ್ಮ?”

“ನೀನೂ ಬಾ. ಅಮ್ಮನಿಗೆ ಓದೋಕೆ ಬರುತ್ತೆ, ಸಾಲು ಬಚ್ಚಿಟ್ಟಿದ್ದು ನಾನೇ ಅಂತ ಆ ಹುಡುಗಿ ಮುಂದೆ ನೀನೇ ಹೇಳು. ಅಷ್ಟು ಜನರ ಮುಂದೆಯೇ ಹೇಳಬೇಕು.”

ನಾಳೆ ಅವಳಿಗೆ ರಜೆ, ಬೆಳಕು ಹರಿದ ಮೇಲೂ ಮಲಗಬೇಕೆಂದು ವಾರದಿಂದ ಆಸೆಪಟ್ಟಿದ್ದಳು.

“ಹೂಂ, ಹೇಳ್ತೀನಿ,” ಎಂದಳು ಕಣ್ಣು ತೆರೆಯದೆಯೇ.

ಅಮ್ಮ ಒಂದು ಲೋಟ ನೀರು ತುಂಬಿ, ತಟ್ಟೆ ಮುಚ್ಚಿ, ಹಾಸಿಗೆಯ ಪಕ್ಕ ಇಟ್ಟುಕೊಂಡಳು.