ಬಾಬು ಜಾನನ ಜನಾಂಗ

ಮೇಷ್ಟ್ರ ಕೆಂಪು ನಾಮದ ಮೇಲೆ ಒಂದು ನೊಣ ಕೂತಿದೆ, ಓಡಿಸಲೋ ಬೇಡವೋ, ಗ್ರೀಸು ಹತ್ತಿದ ನನ್ನ ಕೈ ಹಣೆಯ ಹತ್ತಿರ ಬಂದರೆ ಯೋಗಾನರಸಿಂಹ ಮೇಷ್ಟ್ರು ಮತ್ತೆ ಸ್ನಾನಕ್ಕೆಂದು ಶಿಂಷಾ ಹೊಳೆಗೆ ನಡೆಯಬೇಕು, ಈ ಬಿಸಿಲಲ್ಲಿ, ಪಾಪ, ಬೆಳಗಿನಿಂದ ಅರ್ಧ ಮದ್ದೂರಿನ ಖಾನೇಷುಮಾರಿ ಮುಗಿಸಿ ಬಂದಿದ್ದಾರೆ, ಸರ್ಕಾರ ಹತ್ತು ವರ್ಷಕ್ಕೊಮ್ಮೆ ನಮ್ಮ ತಲೆ ಎಣಿಸುತ್ತದೆ, ಎಣಿಸಲಿ, ನನಗಿರುವುದು ಒಂದೇ ತಲೆ — ಮೇಲೆ ಇಸವಿ ನಲವತ್ತೊಂದು ಅಂತ ಬರೆದರು, ಹೆಸರು ಬಾಬು ಜಾನ್, ವಯಸ್ಸು ನಲವತ್ತು, ಕಸುಬು ಬಸ್ಸು ರಿಪೇರಿ, ಧರ್ಮ ಇಸ್ಲಾಂ, ಅಲ್ಲಿಯವರೆಗೆ ಲೇಖನಿ ಸರಾಗವಾಗಿ ಓಡಿತು, ಆಮೇಲೆ ಕನ್ನಡಕ ಮೇಲೇರಿಸಿ, ಜನಾಂಗ ಯಾವುದು ಅಂತ ಬರ್ಕೊಳ್ಳಲಿ ಬಾಬು, ಅಂದರು, ಅದೂ ಇವತ್ತೇ, ಮಳವಳ್ಳಿಯಿಂದ ಫಕ್ರುದ್ದೀನ್ ಸಾಹೇಬರು ನನ್ನ ಮಗಳು ರಹಮತ್‌ಳನ್ನು ತಮ್ಮ ಮಗನಿಗೆ ಕೇಳಲು ಬಂದು ಎದುರಿನ ಚಾಪೆಯ ಮೇಲೆ ಕಾಲು ಮಡಿಸಿ ಕೂತಿರುವ ಹೊತ್ತಿನಲ್ಲೇ. ಪರದೆಯ ಹಿಂದೆ ನನ್ನ ಹೆಂಡತಿ ಸುಲ್ತಾನ್ ಬೀ ಕೆಮ್ಮುತ್ತಿದ್ದಾಳೆ, ಅದು ನೆಗಡಿಯ ಕೆಮ್ಮಲ್ಲ, ಮೂರು ದಿನದಿಂದ ಪಾಠ ಹೇಳಿಕೊಟ್ಟಿದ್ದಾಳೆ, ಪಠಾಣ್ ಅನ್ನಿ, ಕಾಬೂಲಿಂದ ಬಂದೋರು ಅನ್ನಿ, ನಿಮ್ಮ ಕಣ್ಣು ನೋಡಿದ್ರೆ ಯಾರೂ ಇಲ್ಲ ಅನ್ನಕಿಲ್ಲ. ಕಣ್ಣೇನೋ ಸರಿ, ಬೆಕ್ಕಿನ ಕಣ್ಣು, ಗಡ್ಡವೂ ಕೆಂಪಗಿದೆ, ಮಸೀದಿಯಲ್ಲಿ ಹಿರಿಯರು ಬೇರೆಯವರ ಮಕ್ಕಳಿಗೆ ನನ್ನನ್ನು ತೋರಿಸಿ, ನೋಡ್ರೋ, ಬಾಬು ಜಾನ್ ಒಂದು ಶುಕ್ರವಾರಾನೂ ತಪ್ಪದೆ ಮದರಂಗಿ ಹಚ್ಕತಾನೆ, ಅನ್ನುತ್ತಾರೆ, ಈ ಗಡ್ಡ ಇವತ್ತಿನವರೆಗೆ ಮದರಂಗಿಯ ಒಂದು ಎಲೆಯನ್ನೂ ಕಂಡಿಲ್ಲ, ಅದು ಹುಟ್ಟಿದ್ದೇ ಹಾಗೆ. ಫಕ್ರುದ್ದೀನ್ ಸಾಹೇಬರೂ ಒಳಗೆ ಬಂದವರೇ ಕೇಳಿದ್ದು ಅದನ್ನೇ, ಯಾವ ಅಂಗಡಿ ಮದರಂಗಿ, ಇಷ್ಟು ಚೆಂದಾಗಿ ಹತ್ತೈತಲ್ಲ, ಮಂಡ್ಯದ್ದು ಅಂದೆ, ಅಂಗಡಿ ಹೆಸರು ಕೇಳಿದರು, ಮರೆತಿದೆ ಅಂದೆ, ಇನ್ನು ಮೇಲೆ ಬೀಗರಾದರೆ ತಿಂಗಳಿಗೊಂದು ಪೊಟ್ಟಣ ಎಲ್ಲಿಂದ ತಂದುಕೊಡಲಿ.

ಮಂಡ್ಯದ ಪಾದ್ರಿಯದು ಇನ್ನೊಂದು ರಾಗ. ಹೋದ ತಿಂಗಳು ಕೆಟ್ಟು ನಿಂತ ಬಸ್ಸಿನ ಕೆಳಗೆ ನಾನು ಮಲಗಿದ್ದಾಗ ಬಗ್ಗಿ ನೋಡಿ, ಜಾನ್, ನೀನು ಆಂಗ್ಲೋ ಇಂಡಿಯನ್ ಅಂತ ಬರೆಸು, ರೈಲ್ವೆಯಲ್ಲಿ ಫಿಟ್ಟರ್ ಕೆಲಸ ಕೊಡಿಸುತ್ತೇನೆ, ದೊರೆಗಳ ಮಕ್ಕಳಿಗೆ ಸಂಬಳವೇ ಬೇರೆ, ಅಂದ, ಅವನ ಬಾಯಲ್ಲಿ ನಾನು ಉರ್ದುವಿನ ಜಾನ್ ಅಲ್ಲ, ಇಂಗ್ಲಿಷಿನ ಜಾನು. ಆಸೆಯೇ ಆಗಲಿಲ್ಲ ಅಂದರೆ ಸುಳ್ಳು, ಡ್ರೈವರ್ ಸಿದ್ದರಾಜುವಿನ ಹ್ಯಾಟು ಇಸಕೊಂಡು ತಂದು ಕನ್ನಡಿ ಮುಂದೆ ನಿಂತೆ, ಸುಲ್ತಾನ್ ಬೀ ಒಲೆಯ ಕಡೆಯಿಂದಲೇ, ಏನ್ರಿ, ಸರ್ಕಸ್ಸಿನೋರು ಡೇರೆ ಹಾಕವ್ರಾ, ಅಂದಳು, ಹ್ಯಾಟು ವಾಪಸ್ಸು ಹೋಯಿತು. ಆದರೆ ಲೆಕ್ಕ ಬಿಡಿಸಿ ನೋಡಿದರೆ ಪಾದ್ರಿಯದೇ ಅರ್ಧ ನಿಜ, ಶಿಂಷಾ ಸೇತುವೆ ರಿಪೇರಿಗೆ ಬಂದ ಜಾನ್ ದೊರೆ ನನ್ನನ್ನು ಹುಟ್ಟಿಸಿದವನು, ಗಾರೆ ಹೊರುತ್ತಿದ್ದ ಬಸರಾಳಿನ ಮಂಚಮ್ಮ ಹೆತ್ತವಳು, ನಾನು ತೊಟ್ಟಿಲಲ್ಲಿರುವಾಗಲೇ ದೊರೆ ಹೋದ, ಹೋದವನು ಹೋದ, ನಲವತ್ತು ವರ್ಷ ನಾನು ಅವನಿಗೆ ಮನಸ್ಸಿನಲ್ಲಿ ಬೈಯದ ಬೈಗುಳವಿಲ್ಲ, ಬಸರಾಳಿನವರು ಅಮ್ಮನಿಗೆ ಬಾಗಿಲು ಹಾಕಿದರು, ಪಾತ್ರೆಗೆ ಕಲಾಯಿ ಹಾಕುವ ಪೀರ್ ಪಾಷಾ ಬಾಗಿಲು ತೆಗೆದ, ಮದುವೆಯಾದ, ಮಂಚಮ್ಮ ಮಹಬೂಬ್ ಬೀ ಆದಳು, ದೊರೆಯಿಂದ ಬಂದ ನನ್ನ ಹೆಸರಿನ ಮುಂದೆ ಒಂದು ಬಾಬು ಸೇರಿಸಿ ಜಾನನ್ನು ಸ್ವಲ್ಪ ಎಳೆದು ಕರೆದ, ಕೆಲಸ ಮುಗಿಯಿತು, ನಮಾಜನ್ನೂ ಸುತ್ತಿಗೆ ಹಿಡಿಯುವುದನ್ನೂ ಕಲಿಸಿದವನು ಅವನೇ, ಅಬ್ಬಾ ಅಂದರೆ ನನಗೆ ಅವನೊಬ್ಬನೇ. ಈಗ ಹೇಳಿ ಮೇಷ್ಟ್ರೇ, ಅಂತ ಒಳಗೊಳಗೇ ಅಂದುಕೊಂಡೆ, ಅರ್ಧ ಕಡಲಾಚೆ, ಅರ್ಧ ಬಸರಾಳು, ಕಾಬೂಲಿನದು ಒಂದು ಕೂದಲೂ ಇಲ್ಲ, ಗ್ರೀಸು ಬಳಿದುಕೊಂಡು ಬಸ್ಸಿನ ಕೆಳಗಿದ್ದಾಗ ಎಲ್ಲರ ಬಣ್ಣವೂ ಒಂದೇ, ಅಲ್ಲಿಗೆ ಬಂದು ಬರೆದುಕೊಳ್ಳಬಾರದಿತ್ತೇ. ಫಕ್ರುದ್ದೀನ್ ಸಾಹೇಬರು ಸಾಸರಿಗೆ ಚಹಾ ಬಗ್ಗಿಸುತ್ತಾ, ನಮ್ದು ಅರಬ್ಬೀ ಮೂಲ, ತಾತನ ತಾತ ಹಡಗಲ್ಲಿ ಬಂದೋರು, ನಿಮ್ದು, ಅಂತ ನಿಲ್ಲಿಸಿದರು, ಪರದೆ ಕೆಮ್ಮಿತು, ನಾನು ಬಾಯಿ ತೆರೆದೆ, ಪ, ಪ, — ಹೊಸ್ತಿಲಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟಳು, ಏನ್ಲಾ ಅದು ಪ ಪ ಅಂತ, ಇದ್ದುದ್ದ ಏಳ್ಲಾ, ಅವ್ರ ಮನೇಗೆ ಎಣ್ಣು ಕೊಡೋರು ನಾವು, ನಾಳಿಕೆ ಬೇರೆ ಯಾರಾರ ಏಳಿದ್ರೆ ನನ್ನ ಮೊಮ್ಮಗ್ಳು ತಲೆ ತಗ್ಸಬೇಕಾ. ಏಳಿಬುಟ್ಟಳು, ಎಲ್ಲವನ್ನೂ, ಸೇತುವೆ, ದೊರೆ, ಗಾರೆ, ಕಲಾಯಿ, ಕಾಲು ಗಂಟೆಯಲ್ಲಿ, ಗಡ್ಡದ ಗುಟ್ಟನ್ನೂ ಬಿಡದೆ.

ಚಹಾ ಆರುತ್ತಿದೆ, ಪರದೆಯ ಹಿಂದೆ ಕೆಮ್ಮೂ ಇಲ್ಲ, ಅಲ್ಲಿಂದ ರಹಮತ್ ಹೊರಗೆ ಬರುತ್ತಿದ್ದಾಳೆ, ಸೆರಗು ತಲೆಯ ಮೇಲಿದೆ, ಆ ಬೆಕ್ಕಿನ ಕಣ್ಣು ನೆಟ್ಟಗೆ ಸಾಹೇಬರ ಮೇಲೆ, ಬಿಸಿ ಚಹಾ ಇಟ್ಟು, ನೀವು ಒಪ್ಪಿ, ಬುಡಿ, ಅಜ್ಜಿ ಏಳಿದ್ದು ದಿಟ, ಅಂತ ಹೇಳಿ ಅಜ್ಜಿಯ ಪಕ್ಕ ಕೂತು ಮೊರ ಎಳೆದುಕೊಂಡಳು, ಅಲ್ಲಿಗೆ ಈ ಮದುವೆ ಮುಗಿಯಿತು ಅಂದುಕೊಂಡೆ, ಸಾಹೇಬರು ಗಡ್ಡ ನೀವಿದರು, ಮತ್ತೆ ನೀವಿದರು, ನಮ್ಮ ತಾತನ ತಾತ, ಅಂತ ಶುರುಮಾಡಿ ಗಂಟಲು ಸರಿಮಾಡಿಕೊಂಡು, ಕೊಳ್ಳೇಗಾಲದಿಂದ ಬಂದೋರು, ಬಳೆ ಮಾರ್ಕಂಡು, ಹಡಗು ಗಿಡಗು ಏನಿಲ್ಲ, ಸಂಬಂಧ ಕೇಳಕ್ಕೆ ಓಗ್ತಿದ್ದೀರಿ, ಅರಬ್ಬಿ ಅಂತ ಏಳಿ ಅಂತ ಮನೇಲಿ ಏಳ್ಕೊಟ್ರು. ಮೇಷ್ಟ್ರು ಪೆನ್ನು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು, ಪರದೆ ನಕ್ಕಿತು, ಸಾಹೇಬರೂ ನಕ್ಕು, ಅಜ್ಜೀ, ಆ ದೊರೆ ಮತ್ತೆ ಬರಲೇ ಇಲ್ವಾ, ಅಂತ ಸುಮ್ಮನೆ ಮಾತಿಗೆ ಕೇಳಿದರು, ಬರಲೇ ಇಲ್ಲ ಅಂತ ನಾನು ಹೇಳುವುದರಲ್ಲಿದ್ದೆ, ಬಂದಿದ್ದ, ಅಂದಳು ಅಮ್ಮ.

ಬಂದಿದ್ದ ಕಣಪ್ಪ, ಎರಡು ವರ್ಸ ಆದ್ಮೇಕೆ, ಕೂಸ ಬೆಂಗ್ಳೂರಿಗೆ ಕರ್ಕೊಂಡೋಯ್ತೀನಿ, ಇಸ್ಕೂಲಿಗೆ ಹಾಕ್ತೀನಿ ಅಂದ, ಬೂಟ್ಸು ತಂದಿದ್ದ, ಇಷ್ಟಗಲ, ನನ್ನ ಅಂಗೈಯಷ್ಟು, ಕೊಟ್ಬುಟ್ಟೇನಾ, ಇವುನ್ನ ಉಲ್ಲಿನ ಮೆದೆ ಇಂದುಕ್ಕೆ ಮಲಗ್ಸಿ, ಕೂಸು ಜರ ಬಂದು ಸತ್ತೋಯ್ತು ಅಂದ್ಬುಟ್ಟೆ. ಅವನೇನಂದ ಅಮ್ಮ, ನನ್ನದೇ ದನಿ, ನನ್ನದಲ್ಲದ ಹಾಗೆ. ಸೇತುವೆ ಕಲ್ಲಿನ ಮ್ಯಾಲೆ ಕೂತ್ಕಂಡ ಕಣ್ಲಾ, ಬೂಟ್ಸ ಮಂಡಿ ಮ್ಯಾಲೆ ಇಟ್ಕಂಡು ಅದರ ದಾರ ಕಟ್ಟೋನು, ಬಿಚ್ಚೋನು, ರೈಲು ಬರೋಗಂಟ. ಮೇಷ್ಟ್ರು ಏನೋ ಕೇಳುತ್ತಿದ್ದಾರೆ, ಮೈಸೂರು ಸೀಮೆ ಮುಸಲ್ಮಾನ ಅಂತ ಬರೀಲಾ ಬಾಬು, ನನ್ನ ತಲೆ ಹೂಂ ಅಂತ ಅಲ್ಲಾಡಿರಬೇಕು, ಬರೆದರು, ಶಾಯಿ ಆರಲೆಂದು ಒತ್ತುಕಾಗದ ಒತ್ತಿದರು, ಸಾಹೇಬರು ಬಕ್ರೀದು ಕಳೆದ ಮೇಲೆ ನಿಕಾ ಇಟ್ಟುಕೊಳ್ಳೋಣ ಅನ್ನುತ್ತಿದ್ದಾರೆ, ಸುಲ್ತಾನ್ ಬೀ ಸಕ್ಕರೆ ಡಬ್ಬಿ ತೆರೆಯುತ್ತಿದ್ದಾಳೆ, ಬಾಬು ಭಾಯ್, ಬಾಬು ಭಾಯ್, ಅಂತ ಯಾರೋ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾರೆ, ಬಾಯಿಗೆ ಸಕ್ಕರೆ ಬಿತ್ತು, ಸೇತುವೆ ಕಲ್ಲಿನ ಮೇಲೆ ಬಿಸಿಲಿಗೆ ಕೆಂಪಾದ ಕುತ್ತಿಗೆ, ಬಗ್ಗಿದ ಕೆಂಪು ಗಡ್ಡ, ದಪ್ಪ ಬೆರಳು, ಅಷ್ಟು ಸಣ್ಣ ದಾರ, ಕಟ್ಟುತ್ತಾನೆ, ಬಿಚ್ಚುತ್ತಾನೆ, ಕಟ್ಟುತ್ತಾನೆ