ಮೂರನೇ ಮೇಜಿನ ಪೆಟ್ಟಿಗೆ

"ಹತ್ತು ಬರಬೇಕಮ್ಮಾ, ಹತ್ತು!" ಮೇಷ್ಟ್ರು ಎಡಚಿಯ ಹಾಳೆಯನ್ನು ಬೆರಳಿನಿಂದ ಕುಟ್ಟಿದರು. "ಇಡೀ ಲ್ಯಾಬಿಗೆ ಹತ್ತು ಓಮ್ ಬಂದಿದೆ. ನಿಂಗೊಬ್ಬಳಿಗೆ ಏಳೂವರೆ ಎಲ್ಲಿಂದ ಬಂತು?"

"ಮೂರು ವೋಲ್ಟ್ ಕೊಟ್ರೆ ಪಾಯಿಂಟ್ ನಾಲ್ಕು ಆಂಪಿಯರ್ ಹರೀತಿದೆ ಸಾರ್. ಭಾಗಿಸಿದ್ರೆ ಏಳೂವರೆನೇ."

"ಪಾಯಿಂಟ್ ನಾಲ್ಕನ್ನ ಮೂರು ಮಾಡು. ಹತ್ತು ಬರುತ್ತೆ. ನಿಂಗೂ ನೆಮ್ಮದಿ, ನಂಗೂ ನೆಮ್ಮದಿ."

"ಮುಳ್ಳು ಮೂರರ ಹತ್ರ ನಿಂತಿಲ್ವಲ್ಲ ಸಾರ್."

ತೊಟ್ಟಿಯ ಪಕ್ಕದಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದ ಅಟೆಂಡರ್ ಮೂರನೇ ಮೇಜಿನ ಕಡೆ ತಿರುಗಿದ. ಹೋದ ವರ್ಷವೂ ಇದೇ ಹುಡುಗಿ, ಇದೇ ಮೇಜು, ಇದೇ ಏಳೂವರೆ. ಎಡಗೈಯಲ್ಲಿ ಬರೆಯುವುದರಿಂದ ಎಡಚಿ ಎಂಬ ಹೆಸರು ಮೊದಲೇ ಇತ್ತು, ಆಮೇಲೆ ನಪಾಸು ಎಂಬುದೂ ಅಂಟಿಕೊಂಡಿತು. ಪ್ರಾಯೋಗಿಕ ಪರೀಕ್ಷೆಗೆ ಎರಡೇ ಅವಕಾಶ. ಇವತ್ತು ಹೋದರೆ ಅವಳ ಓದು ಇಲ್ಲಿಗೆ ಮುಗಿಯಿತು.

ಹೋದ ವರ್ಷ ಅವನು ಬಾಯಿ ಬಿಡಲಿಲ್ಲ. ಬಿಡಬಹುದಿತ್ತು. ಅವಳ ಏಳೂವರೆ ಎಲ್ಲಿಂದ ಬಂತು ಎಂಬುದು ಈ ಕಟ್ಟಡದಲ್ಲಿ ಅವನೊಬ್ಬನಿಗೇ ಗೊತ್ತು.

ಲ್ಯಾಬಿನಲ್ಲಿ ನಾಲ್ಕು ಮೇಜು, ಮೇಜಿಗೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೊಂದು ತಂತಿಯ ಸುರುಳಿ. ನಾಲ್ಕೂ ಹತ್ತು ಓಮಿನವು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಗುಡಿಸುವಾಗ ಮೂರನೇ ಮೇಜಿನ ಪೆಟ್ಟಿಗೆ ಅವನ ಕೈಜಾರಿ ಬಿದ್ದು ಸುರುಳಿ ತುಂಡಾಯಿತು. ಕೆಲಸ ಹೋದೀತೆಂದು ಹೆದರಿ, ಮನೆಯ ಹಳೆಯ ವಿದ್ಯುತ್ ಒಲೆಯ ತಂತಿಯನ್ನು ಕಣ್ಣಂದಾಜಿನಲ್ಲಿ ಕತ್ತರಿಸಿ ಸುತ್ತಿ, ಮುಚ್ಚಳಕ್ಕೆ ಸ್ಕ್ರೂ ಬಿಗಿದ. ಆ ವಾರವೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡದ್ದೇ ಬಂತು. ಈಗ ಕೂಗುತ್ತಾರೆ, ಈಗ ಕರೆಯುತ್ತಾರೆ.

ಯಾರೂ ಕರೆಯಲಿಲ್ಲ. ಮೂರನೇ ಮೇಜಿನಲ್ಲಿ ಕೂತವರೆಲ್ಲ ಹತ್ತು ಎಂದೇ ಬರೆದರು. ಮರುವರ್ಷವೂ ಹತ್ತು, ಅದರ ಮರುವರ್ಷವೂ ಹತ್ತು. ನಂಬಲಿಕ್ಕೆ ಚೆನ್ನಾಗಿರಲಿ ಎಂದು ಕೆಲವರು ಹತ್ತು ಪಾಯಿಂಟ್ ಸೊನ್ನೆ ಎರಡು ಎಂದರು, ಕೆಲವರು ಒಂಬತ್ತು ಪಾಯಿಂಟ್ ಒಂಬತ್ತು ಎಂದರು. ಅಣ್ಣನ ಪ್ರಯೋಗದ ಪುಸ್ತಕ ತಮ್ಮನಿಗೆ, ತಮ್ಮನದು ಪಕ್ಕದ ಮನೆಯವನಿಗೆ. ಥೂ, ಮುಳ್ಳನ್ನು ನೋಡುವವನು ಒಬ್ಬನಾದರೂ ಇದ್ದಾನೆಯೇ! ಬಚಾವಾದೆ ಎಂಬ ಖುಷಿ ಅವನಿಗೆ ಒಂದು ತಿಂಗಳೂ ಉಳಿಯಲಿಲ್ಲ. ಆಮೇಲೆ ಉಳಿದದ್ದು ಹೇಸಿಗೆ ಮಾತ್ರ. ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳು, "ಓದಿದೋರಿಗೇ ಬೇಡವಾದ ಉಸಾಬರಿ ನಿಮಗ್ಯಾಕ್ರೀ? ಸುಮ್ನೆ ಉಣ್ಣಿ" ಎಂದಿದ್ದಳು. ಸುಮ್ಮನೆ ಉಂಡ. ಹನ್ನೊಂದು ವರ್ಷ ಉಂಡ.

"ಕೊನೇ ಸಲ ಕೇಳ್ತೀನಿ, ತಿದ್ದುತ್ತೀಯೋ ಇಲ್ವೋ?" ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಎಡಚಿ ತಲೆಯೆತ್ತಲಿಲ್ಲ. ಅವಳ ಪೆನ್ಸಿಲ್ಲು ನಾಲ್ಕರ ಮೇಲೆ ನಿಂತಿತ್ತು, ಬಲಗೈ ರಬ್ಬರಿನ ಕಡೆ ಸರಿದಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಇವಳೂ ತಿದ್ದುತ್ತಾಳೆ ಎನಿಸಿತು ಅಟೆಂಡರ್‌ಗೆ. ಅದನ್ನು ನೋಡುವುದು ಅವನಿಂದಾಗಲಿಲ್ಲ.

"ತಿದ್ದಬೇಡಮ್ಮಾ," ಎಂದ. ದನಿ ತನಗೇ ದೊಡ್ಡದೆನಿಸಿತು. "ಸಾರ್, ಈ ಪೆಟ್ಟಿಗೆಯೊಳಗಿರೋದು ಹತ್ತಲ್ಲ. ಹಳೇ ಸುರುಳಿ ನನ್ ಕೈಲಿ ಮುರೀತು. ಇದನ್ನ ಸುತ್ತಿದ್ದು ನಾನೇ. ಹನ್ನೊಂದು ವರ್ಷ ಆಯ್ತು."

"ತಲೆಗಿಲೆ ಕೆಟ್ಟಿದೆಯೇನ್ರೀ? ನಾನೇ ಈ ಮೇಜಲ್ಲಿ ಕೂತು ಪರೀಕ್ಷೆ ಬರೆದಿದ್ದೀನಿ. ನಂಗೆ ಹತ್ತೇ ಬಂದಿತ್ತು!"

"ನೀವು ಬರೆದಿದ್ದು ಎಂಟು ವರ್ಷದ ಹಿಂದೆ ಸಾರ್."

ಅಟೆಂಡರ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆ ಒಲೆಯ ತಂತಿ ಅಂಕುಡೊಂಕಾಗಿ ಮಲಗಿತ್ತು. ಮೇಷ್ಟ್ರು ಅದನ್ನು ನೋಡಿದರು, ಆಮೇಲೆ ಮೀಟರಿನ ಮುಳ್ಳನ್ನು ನೋಡಿದರು. ಗಾಜನ್ನು ಉಗುರಿನಿಂದ ತಟ್ಟಿದರು. ಮುಳ್ಳು ಪಾಯಿಂಟ್ ನಾಲ್ಕರಿಂದ ಕದಲಲಿಲ್ಲ. ಅವರ ಕಿವಿಗಳು ಕೆಂಪಾದವು.

"ಪವರ್ ಎಷ್ಟು ಬಂತು?" ಎಂದು ಅವಳನ್ನು ಕೇಳಿದರು. ದನಿ ಇಳಿದಿತ್ತು.

"ಮೂರನ್ನ ಪಾಯಿಂಟ್ ನಾಲ್ಕರಿಂದ ಗುಣಿಸಿದ್ರೆ ಒಂದು ಪಾಯಿಂಟ್ ಎರಡು ವ್ಯಾಟ್ ಸಾರ್."

ಅವರು ಹಾಳೆಯ ಮೂಲೆಯಲ್ಲಿ ಪೂರ್ತಿ ಅಂಕ ಬರೆದು ಸಹಿ ಹಾಕಿದರು. "ನಿಮ್ಮ ಮೇಲೆ ಪ್ರಿನ್ಸಿಪಾಲರಿಗೆ ಬರೀಬೇಕಾಗುತ್ತೆ," ಎಂದರು, ಅಟೆಂಡರ್‌ನ ಮುಖ ನೋಡದೆ.

"ಬರೀರಿ ಸಾರ್. ಆದ್ರೆ ಈ ಪೆಟ್ಟಿಗೆ ಒಂದೇ ಕೆಟ್ಟಿರೋದು ಅಂತ ಸರಿಯಾಗಿ ಬರೀರಿ. ಮಿಕ್ಕ ಮೂರೂ ಹತ್ತೇ."

ಎಡಚಿ ಹಾಳೆಯನ್ನು ಎದೆಗೆ ಅವಚಿಕೊಂಡು, "ಅಣ್ಣಾ..." ಎಂದಳು. ಅವನು ಬೇರೆ ಕಡೆ ಮುಖ ತಿರುಗಿಸಿದ. ಒಂದು ವರ್ಷ ತಡವಾಗಿ ಬಂದ ಮಾತಿಗೆ ಎಂಥ ಅಣ್ಣ.

ಆಗ ಆ ಸದ್ದು ಕೇಳಿಸಿತು. ಮೊದಲು ಒಂದು ಕಡೆ, ಆಮೇಲೆ ಎಲ್ಲ ಕಡೆ, ಕಾಗದದ ಮೇಲೆ ರಬ್ಬರ್ ಉಜ್ಜುವ ಸದ್ದು. ಒಂದನೇ ಮೇಜು, ಎರಡನೇ ಮೇಜು, ನಾಲ್ಕನೇ ಮೇಜು. ಎಲ್ಲ ತಲೆಗಳೂ ಬಗ್ಗಿದ್ದವು.

ಅವನು ಒದ್ದೆ ಬಟ್ಟೆ ಹಿಡಿದುಕೊಂಡೇ ಒಂದನೇ ಮೇಜಿನ ಹತ್ತಿರ ಹೋದ. ಅಲ್ಲಿ ಮೀಟರಿನ ಮುಳ್ಳು ಪಾಯಿಂಟ್ ಮೂರರ ಗೆರೆಯ ಮೇಲೆ ನೆಟ್ಟಗೆ ನಿಂತಿತ್ತು. ಅದರ ಮುಂದೆ ಕೂತವನು ರಬ್ಬರಿನ ಪುಡಿಯನ್ನು ಉಫ್ ಎಂದು ಊದಿ, ಹತ್ತು ಇದ್ದ ಜಾಗದಲ್ಲಿ ದುಂಡಗೆ ಏಳೂವರೆ ಎಂದು ಬರೆಯುತ್ತಿದ್ದ.